‘ಬೋರ್ಡ್’, ‘ಬೋರಿಂಗ್’: ಬಾಲ ನೋಡಿ ಬರೆಯಿರಿ

ಮಾನ್ಯ ಸಂಪಾದಕರೇ,

ಕೆಲಸದ ಅರ್ಜಿಗಳಲ್ಲಿ ‘ಐ ಆಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಎಂಬ ವಾಕ್ಯ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಬೇಕಿರುವುದು ‘ಇಂಟರೆಸ್ಟೆಡ್’. ಭಾವನೆ ಹುಟ್ಟಿಸುವುದಕ್ಕೆ ‘ಇಂಗ್’, ಅನುಭವಿಸುವವರಿಗೆ ‘ಎಡ್’. ಪಾಠ ಬೋರಿಂಗ್, ಕೇಳುವ ವಿದ್ಯಾರ್ಥಿ ಬೋರ್ಡ್. ‘ಐ ಆಮ್ ಬೋರಿಂಗ್’ ಎಂದರೆ ‘ನಾನು ಬೇಸರ ಹುಟ್ಟಿಸುವ ಮನುಷ್ಯ’ ಎಂದಾಗುತ್ತದೆ. ವ್ಯಾಕರಣಕ್ಕೆ ಆ ವಾಕ್ಯ ಸರಿಯೇ ಇರುವುದರಿಂದ ತಪ್ಪು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ.

ಕನ್ನಡದಲ್ಲಿ ‘ನನಗೆ ಬೇಸರವಾಗಿದೆ’ ಎನ್ನುತ್ತೇವೆ. ಅನುಭವಿಸುವವರು ಯಾರೆಂದು ಚತುರ್ಥಿ ವಿಭಕ್ತಿಯೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಪದದ ಬಾಲದ್ದು. ಆದ್ದರಿಂದ ನಮ್ಮ ‘ನನಗೆ’, ‘ಅವಳಿಗೆ’ ಅಲ್ಲಿ ‘ಐ’, ‘ಶೀ’ ಆಗಿ ಬಂದರೆ ‘ಎಡ್’ ಹಾಕಿ ಎಂದು ಮಕ್ಕಳಿಗೆ ಧೈರ್ಯವಾಗಿ ಕಲಿಸಬಹುದು.

‘ಇಕ್’, ‘ಇಕಲ್’ ಜೋಡಿಗಳಿಗೆ ಇಂಥ ಸೂತ್ರವಿಲ್ಲ. ಸರ್ಕಾರದ್ದು ಎಕನಾಮಿಕ್ ಪಾಲಿಸಿ. ಕಡಿಮೆ ಪೆಟ್ರೋಲ್ ಕುಡಿಯುವ ಬೈಕ್ ಎಕನಾಮಿಕಲ್. 1947ರ ಆಗಸ್ಟ್ 15 ಹಿಸ್ಟಾರಿಕ್ ದಿನ. ಹಳೆಯ ಕಂದಾಯ ದಾಖಲೆ ಹಿಸ್ಟಾರಿಕಲ್. ಇವನ್ನು ಒಂಟಿ ಪದವಾಗಿ ಉರು ಹೊಡೆಸದೆ, ಜೊತೆಗೆ ಬರುವ ನಾಮಪದದೊಂದಿಗೇ ಕಲಿಸಬೇಕು. ಪಠ್ಯದ ಅಭ್ಯಾಸಗಳೂ ಹಾಗೇ ಇರಲಿ.

– ಇಂಗ್ಲಿಷ್ ಅಧ್ಯಾಪಕರು, ಹಾವೇರಿ