ನನಗಾಗಿ ಸದ್ದು ಕಡಿಮೆ ಮಾಡಿದವರಿಗೆ

ಕಳೆದ ವಾರ ಫಲಿತಾಂಶ ಬಂತು. ವೀಣೆಯಲ್ಲಿ ಎಂ.ಎ. ಪಾಸಾಗಿದ್ದೇನೆ, ಪ್ರಥಮ ದರ್ಜೆ. ನನಗೀಗ 43 ವರ್ಷ. ಸಂಗೀತವನ್ನೂ ಒಂದು ವಿಷಯವಾಗಿ ಓದಿ ಬಿ.ಎ. ಮುಗಿಸಿದ್ದು 2003ರಲ್ಲಿ. ಆಮೇಲೆ ಮದುವೆ, ಮಗಳು, ಮಾವನವರ ಕಾಯಿಲೆ, ಮನೆ ಸಾಲ. ವೀಣೆಗೆ ಹಳೇ ರೇಷ್ಮೆ ಸೀರೆಯ ಗವಸು ಹೊಲಿಸಿ ದೇವರ ಕೋಣೆಯ ಪಕ್ಕ ಹಲಗೆಯ ಮೇಲೆ ಮಲಗಿಸಿದ್ದೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ತೆಗೆದು, ಒರೆಸಿ, ಕುಂಕುಮ ಇಟ್ಟು, ಹಬ್ಬ ಮುಗಿದ ಮೇಲೆ ಮತ್ತೆ ಹೊದಿಸಿಡುವುದು. ಹೀಗೇ 20 ವರ್ಷ ಕಳೆಯಿತು. 2023ರಲ್ಲಿ ಅರ್ಜಿ ಹಾಕಿದೆ.

ಫೋನ್ ಮಾಡಿದವರೆಲ್ಲ ‘ನಿನ್ನ ಶ್ರಮಕ್ಕೆ ಫಲ ಸಿಕ್ಕಿತು’ ಅನ್ನುತ್ತಿದ್ದಾರೆ. ಶ್ರಮಪಟ್ಟಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಈ ಎರಡು ವರ್ಷ ನನಗೋಸ್ಕರ ಸುಮ್ಮನಾದವರು ಎಷ್ಟು ಜನ ಅಂತ ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ. ಅವರ ಮುಂದೆ ಕೂತು ಹೇಳಲು ಹೋದರೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವೀಣೆ ನುಡಿಸುವವರಿಗೆಲ್ಲ ಗೊತ್ತು, ಅದರ ದನಿ ಚಿಕ್ಕದು. ನಾಗಸ್ವರದ ಹಾಗೆ ಬೀದಿಯವರೆಗೆ ಕೇಳುವುದಿಲ್ಲ. ಪಿಟೀಲಿನ ಹಾಗೆ ಕಮಾನು ಎಳೆದಷ್ಟು ಹೊತ್ತು ನಿಲ್ಲುವುದೂ ಇಲ್ಲ. ಮೀಟಿದ ಕ್ಷಣದಿಂದಲೇ ನಾದ ಇಳಿಯಲು ಶುರು. ಸ್ವರವನ್ನು ಬಳುಕಿಸುವ ಗಮಕವೆಲ್ಲ ಇರುವುದು ಹೀಗೆ ಇಳಿಯುವ ನಾದದೊಳಗೇ. ಮೆಟ್ಟಿಲ (ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿ) ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಒಂದು ಸ್ವರ ಇನ್ನೊಂದರ ಹತ್ತಿರ ಹೋಗಿ ಮುಟ್ಟಿತೋ ಇಲ್ಲವೋ ಅನ್ನುವುದು ತಿಳಿಯಬೇಕಾದರೆ ಸುತ್ತ ಸದ್ದಿರಬಾರದು. ಸಭೆಯಲ್ಲಾದರೆ ಮೈಕಿರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಕೂತ ಹೊತ್ತಿನಲ್ಲಿ ಮಿಕ್ಸಿ ತಿರುಗಿದರೆ ಮುಗಿಯಿತು.

ಮೊದಲನೆಯ ಋಣ ನಮ್ಮತ್ತೆಯದು. ಅವರಿಗೆ 74 ವರ್ಷ. ಸಂಜೆ ಏಳರಿಂದ ಹತ್ತರವರೆಗಿನ ಧಾರಾವಾಹಿಗಳು ಬಿಟ್ಟರೆ ಬೇರೆ ಆಸೆ ಇಲ್ಲದವರು. ನನಗೆ ಅಭ್ಯಾಸಕ್ಕೆ ಸಿಗುತ್ತಿದ್ದುದೂ ಅದೇ ಹೊತ್ತು. ಮೊದಲ ವಾರ ನಾನು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸಿದೆ. ಎಂಟನೆಯ ದಿನ ಅವರೇ ಬಂದು ‘ಆಚೆ ಬಂದು ಕೂತ್ಕೊ, ಸೆಖೆ’ ಅಂದು ಕರೆದುಕೊಂಡು ಹೋದರು. ನಡುಮನೆಗೆ ಬಂದು ನೋಡಿದರೆ ಟಿವಿ ನಡೆಯುತ್ತಿದೆ, ದನಿ ಮಾತ್ರ ಇಲ್ಲ. ‘ಸೌಂಡ್ ಇಲ್ದೆ ಏನ್ ನೋಡ್ತೀರಿ ಅತ್ತೆ?’ ಅಂದೆ. ‘ಅವು ಬಾಯಾಡ್ಸೋದು ನೋಡುದ್ರೆ ಕತೆ ಗೊತ್ತಾಯ್ತದೆ ಕಣವ್ವ’ ಅಂದರು. ಎರಡು ವರ್ಷ ಹಾಗೇ ನೋಡಿದರು.

ಅಷ್ಟೇ ಅಲ್ಲ, ಸಂಜೆಯ ಪಾತ್ರೆಗಳನ್ನೂ ನನ್ನ ಕೈಯಿಂದ ಕಿತ್ತುಕೊಂಡರು. ಇದರ ಬೆಲೆ ಗೊತ್ತಾಗುವುದು ವೀಣೆ ಹಿಡಿದವರಿಗೇ. ಎಡಗೈಯ ತೋರುಬೆರಳು, ನಡುಬೆರಳ ತುದಿಯಲ್ಲಿ ತಂತಿ ಕೂರುವ ಕಡೆ ಗೀರು ಬಿದ್ದು ಚರ್ಮ ಗಟ್ಟಿಯಾಗಿರುತ್ತದೆ. ನೀರಲ್ಲಿ ಅರ್ಧ ಗಂಟೆ ನೆನೆದರೆ ಅದು ಮೆತ್ತಗಾಗುತ್ತದೆ. ಆಗ ವೀಣೆ ಹಿಡಿದರೆ ಉಕ್ಕಿನ ತಂತಿ ಸೀದಾ ಒಳಗಿಳಿಯುತ್ತದೆ. ಒಂದು ದಿನ ಮೆಟ್ಟಿಲ ಮೇಲೆ ರಕ್ತದ ಗೆರೆ ಕಂಡು ಅತ್ತೆ ಏನೂ ಮಾತಾಡಲಿಲ್ಲ. ಮಾರನೆಯ ದಿನದಿಂದ ಊಟ ಆದ ತಕ್ಷಣ ಸೆರಗು ಸಿಕ್ಕಿಸಿ ಬಚ್ಚಲ ಕಡೆ ಅವರೇ ನಡೆದರು. ಮಂಡಿನೋವಿದ್ದವರು. ಬೇಡ ಅಂದರೆ ಬೈದರು.

ಅವರು ಸಂಗೀತ ಕಲಿತವರಲ್ಲ, ಆದರೆ ಮೈಸೂರು ಆಕಾಶವಾಣಿ ಕೇಳಿ ಬೆಳೆದ ಕಿವಿ. ಒಂದು ಸಂಜೆ ಗೌಳ ರಾಗದ ತಾನ (ತಾಳವಿಲ್ಲದೆ, ಲಯ ಹಿಡಿದು ರಾಗವನ್ನು ಬೆಳೆಸುವುದು) ನುಡಿಸುತ್ತಿದ್ದೆ. ‘ಅಲ್ಲೊಂದ್ ತಾವು ಮುಳ್ಳು ಸಿಕ್ಕಾಕೊಂಡಂಗೆ ಆಯ್ತದಲ್ಲ?’ ಅಂದರು. ಮೊದಲ ತಂತಿಯಾದ ಸಾರಣಿಯಿಂದ ಪಕ್ಕದ ಪಂಚಮದ ತಂತಿಗೆ ಇಳಿಯುವ ಜಾಗ ಅದು. ಬೆರಳು ಒಂದು ಕೂದಲೆಳೆ ತಡವಾಗುತ್ತಿತ್ತು. ಕಾಲೇಜಿನಲ್ಲಿ ಮೇಡಂ ಅದೇ ಜಾಗವನ್ನು ಹಿಡಿದದ್ದು ನಾಲ್ಕು ದಿನ ಆದ ಮೇಲೆ.

ಮೇಡಂ ವಿಷಯಕ್ಕೆ ಬರುತ್ತೇನೆ. ಅವರು ನನಗಿಂತ ಆರು ವರ್ಷ ಚಿಕ್ಕವರು. ಕೊನೆಯವರೆಗೂ ನನ್ನನ್ನು ‘ನೀವು’ ಅಂತಲೇ ಕರೆದರು, ಪಾಠದಲ್ಲಿ ಮಾತ್ರ ಒಂದು ದಿನವೂ ರಿಯಾಯಿತಿ ತೋರಿಸಲಿಲ್ಲ. ಮೊದಲ ದಿನ ನಾನು ಒಂದು ವರ್ಣ ನುಡಿಸಿದೆ. ಕೈಗೆ ಬರುತ್ತಿದ್ದ ಎಳೆತ, ಜಾರು, ಎಲ್ಲ ಹಾಕಿ ನುಡಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮೀಟು ಎಲ್ಲಿ ಹೋಯಿತು?’ ಅಂದರು. ಮುಂದಿನ ಐದು ವಾರ ಸರಳೆ, ಜಂಟಿ ವರಸೆ, ಅಷ್ಟೇ. ಎಂ.ಎ.ಗೆ ಸೇರಿ, ಮಕ್ಕಳು ನುಡಿಸುವ ಸರಳೆ! ಬಲಗೈಯ ತೋರುಬೆರಳು ಒಂದು ಸ್ವರಕ್ಕೆ, ನಡುಬೆರಳು ಮುಂದಿನದಕ್ಕೆ, ಎರಡರ ತೂಕವೂ ಒಂದೇ ಇರಬೇಕು. ಎಡಗೈ ಸ್ವರವನ್ನು ಒತ್ತುವುದಕ್ಕೂ ಬಲಗೈ ಮೀಟುವುದಕ್ಕೂ ನಡುವೆ ಸಂದು ಇರಬಾರದು. ಎಳೆತದಲ್ಲಿ ಮುಚ್ಚಿಟ್ಟಿದ್ದ ಎಷ್ಟೋ ತಪ್ಪುಗಳು ಒಂದೊಂದಾಗಿ ಹೊರಗೆ ಬಂದವು. ರಾತ್ರಿ ಅತ್ತಿದ್ದೇನೆ.

ವೀಣೆ ನುಡಿಸುವ ಮೈಸೂರು ಬಾನಿ, ಅಂದರೆ ಮೈಸೂರಿನ ಶೈಲಿ, ಏನು ಅಂತ ನನಗೆ ಅರ್ಥವಾದದ್ದು ಈ ಐದು ವಾರಗಳಲ್ಲೇ. ವೀಣೆ ಶೇಷಣ್ಣನವರು (1852–1926), ಅವರ ಶಿಷ್ಯ ವೆಂಕಟಗಿರಿಯಪ್ಪನವರು, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ಯರು (1920–1997). ಈ ಹೆಸರುಗಳನ್ನು ಬಿ.ಎ.ಯಲ್ಲಿ ಪರೀಕ್ಷೆಗೆ ಉರು ಹೊಡೆದಿದ್ದೆ. ಹಾಡುವವರ ಕಂಠವನ್ನು ವೀಣೆಯಲ್ಲಿ ತೋರಿಸುವುದು ಒಂದು ದಾರಿ. ವೀಣೆ ವೀಣೆಯಾಗಿಯೇ ಮಾತಾಡಲಿ, ಪ್ರತಿ ಸ್ವರವೂ ಮುತ್ತಿನ ಹಾಗೆ ಬಿಡಿಬಿಡಿಯಾಗಿ ಉದುರಲಿ, ಗಮಕ ಬೇಕಾದಷ್ಟೇ ಇರಲಿ ಅನ್ನುವುದು ಇನ್ನೊಂದು. ನಮ್ಮದು ಎರಡನೆಯದು. ಎರಡೂ ದೊಡ್ಡವೇ. ಆದರೆ ಈ ದಾರಿಯಲ್ಲಿ ಬಚ್ಚಿಟ್ಟುಕೊಳ್ಳಲು ಮರೆಯೇ ಇಲ್ಲ. ತಾನ ನುಡಿಸುವಾಗ ಇದು ಇನ್ನೂ ಗೊತ್ತಾಗುತ್ತದೆ. ಮೇಲೆ ಎರಡು ಬೆರಳು ಸ್ವರಗಳನ್ನು ಹೆಣೆಯುತ್ತಿದ್ದರೆ ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಮೀಟುತ್ತಾ ನಡೆಯನ್ನು ಹಿಡಿದಿರಬೇಕು. ನನ್ನ ಕಿರುಬೆರಳು 20 ವರ್ಷದಿಂದ ಮಲಗಿತ್ತು. ಅದನ್ನು ಎಬ್ಬಿಸಿದವರು ಮೇಡಂ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಈ ಐದು ಘನರಾಗಗಳ ತಾನವನ್ನು ಎದುರು ಕೂತು, ತಾವೂ ನುಡಿಸಿ, ನಿಲ್ಲಿಸಿ, ಮತ್ತೆ ನುಡಿಸಿ ಕೊಟ್ಟರು. ಮೇಡಂ, ನಿಮಗೆ ನನ್ನ ಸಾಷ್ಟಾಂಗ ನಮಸ್ಕಾರ. ವಯಸ್ಸು ನೋಡಿ ಬೇಡ ಅನ್ನಬೇಡಿ.

ಮಂಡ್ಯದಿಂದ ಮೈಸೂರಿಗೆ ದಿನಾ ರೈಲು. ವೀಣೆ ನಾಲ್ಕಡಿ ಉದ್ದ, ಒಂದು ಕಡೆ ಹಲಸಿನ ಮರದ ಕೊಡ, ಇನ್ನೊಂದು ಕಡೆ ಸೋರೆಬುರುಡೆ. ನೂಕುನುಗ್ಗಲಲ್ಲಿ ಹೊತ್ತುಕೊಂಡು ಹೋಗುವ ವಸ್ತುವಲ್ಲ. ದಿನನಿತ್ಯಕ್ಕೆ ಕಾಲೇಜಿನ ವೀಣೆ ಇತ್ತು, ಪರೀಕ್ಷೆ ಹತ್ತಿರ ಬಂದಾಗ ನನ್ನದೇ ಬೇಕಾಗುತ್ತಿತ್ತು. ಆ ದಿನಗಳಲ್ಲಿ ಹೆಂಗಸರ ಡಬ್ಬಿಯ ಗೆಳತಿಯರು ನಾನು ಹತ್ತುವ ಮೊದಲೇ ಒಂದು ಮೂಲೆ ಖಾಲಿ ಮಾಡಿಸಿಟ್ಟಿರುತ್ತಿದ್ದರು. ಗಾರ್ಮೆಂಟ್ಸಿಗೆ ಹೋಗುವವರು, ಇಬ್ಬರು ನರ್ಸಮ್ಮನವರು, ಹೂವಿನ ಬುಟ್ಟಿಯ ಅಜ್ಜಿ. ‘ಸರಸ್ವತಿ ಬಂದ್ಳು, ಜಾಗ ಬಿಡ್ರವ್ವ’ ಅಂತ ಅಜ್ಜಿ ಕೂಗಿದರೆ ಸಾಕಿತ್ತು.

ಮೂರನೆಯ ಸೆಮಿಸ್ಟರಿನಲ್ಲಿ ಖಂಡ ತ್ರಿಪುಟ ತಾಳದ ಪಲ್ಲವಿ (ಒಂದೇ ಸಾಲನ್ನು ತಾಳಕ್ಕೆ ಕಟ್ಟಿ ಬೆಳೆಸುವುದು) ಬಂತು. ಒಂದು ಆವರ್ತಕ್ಕೆ ಒಂಬತ್ತು ಅಕ್ಷರ: ಒಂದು ಪೆಟ್ಟು, ನಾಲ್ಕು ಬೆರಳೆಣಿಕೆ, ಆಮೇಲೆ ಪೆಟ್ಟು, ಹುಸಿ (ಅಂಗೈ ಮಗುಚುವುದು), ಪೆಟ್ಟು, ಹುಸಿ. ತಾಳ ಅದೇ ನಡೆಯಲ್ಲಿ ನಿಂತಿರಬೇಕು, ಪಲ್ಲವಿ ಮಾತ್ರ ಎರಡರಷ್ಟು, ನಾಲ್ಕರಷ್ಟು ವೇಗಕ್ಕೆ ಹೋಗಿ ವಾಪಸು ಬರಬೇಕು. ರೈಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಬಾಯಲ್ಲೇ ಗುನುಗುತ್ತಿದ್ದೆ, ದಿನಾ ಎಲ್ಲೋ ತಪ್ಪುತ್ತಿತ್ತು. ಒಂದು ದಿನ ನರ್ಸಮ್ಮನವರಲ್ಲಿ ಒಬ್ಬರು ‘ತಾಳ ನಾನು ಹಾಕ್ತೀನಿ, ನೀವು ಹಾಡ್ಕೊಳ್ಳಿ’ ಅಂದರು. ರಾತ್ರಿಪಾಳಿ ಮುಗಿಸಿದವರ ಕೈ ಹತ್ತು ನಿಮಿಷಕ್ಕೆ ಸೋಲುತ್ತದೆ ಅಂದುಕೊಂಡಿದ್ದೆ. ನಾಡಿ ಹಿಡಿದು ಎಣಿಸಿ ಅಭ್ಯಾಸವಿದ್ದ ಕೈ, ಒಂದಿಷ್ಟೂ ಓಡಲಿಲ್ಲ, ಎಳೆಯಲಿಲ್ಲ. ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಕಾವೇರಿ ಸೇತುವೆ ಬರುವವರೆಗೆ ನಮ್ಮ ಆ ಮೂಲೆಯವರು ಯಾರೂ ಮಾತಾಡುತ್ತಿರಲಿಲ್ಲ. ಸೇತುವೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಶುರು. ಅಕ್ಕಂದಿರೇ, ನಿಮ್ಮ ಆ 15 ನಿಮಿಷಗಳನ್ನು ನಾನು ಮರೆಯುವುದಿಲ್ಲ.

2024ರ ಮೇ ತಿಂಗಳ ಕತೆ ಹೇಳಲೇಬೇಕು. ನೆಂಟರ ಗೃಹಪ್ರವೇಶದಲ್ಲಿ ನುಡಿಸಲು ವೀಣೆ ತೆಗೆದುಕೊಂಡು ಹೋಗಿದ್ದೆ. ನುಡಿಸಿ ಆದ ಮೇಲೆ ಕಾರಿನಲ್ಲಿಟ್ಟು, ಗಾಜು ಏರಿಸಿ ಊಟಕ್ಕೆ ಹೋದೆ. ಬಿಸಿಲಲ್ಲಿ ನಿಂತ ಕಾರು, ಎರಡು ಗಂಟೆ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮರದ ಮೇಲಲ್ಲ, ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಮಾಡಿದ ಕಪ್ಪು ಮೇಣದ ಮೇಲೆ. ಗವಸು ತೆಗೆದಾಗ ಮೇಲಿನ ಮೆಟ್ಟಿಲುಗಳು ಸಾಲಾಗಿ ಒಂದು ಕಡೆಗೆ ವಾಲಿದ್ದವು. ಪ್ರಾಯೋಗಿಕ ಪರೀಕ್ಷೆಗೆ ಒಂಬತ್ತು ದಿನ. ತಪ್ಪು ನನ್ನದೇ, ಯಾರನ್ನು ಅನ್ನಲಿ?

ಮೈಸೂರಿನಲ್ಲಿ ಮೇಳ ಕಟ್ಟುವ, ಅಂದರೆ ವೀಣೆಗೆ ಮೆಟ್ಟಿಲು ಕೂರಿಸುವ, ಹಿರಿಯರೊಬ್ಬರಿದ್ದಾರೆ. ಹೆಸರು ಬರೆಯಬೇಡ ಅಂದಿದ್ದಾರೆ. ಅವರ ಮುಂದೆ ಐದಾರು ವೀಣೆಗಳು ಕಾಯುತ್ತಿದ್ದವು. ನನ್ನ ಮುಖ ನೋಡಿದರು, ವೀಣೆ ನೋಡಿದರು. ‘ರಾತ್ರಿ ಹತ್ತರ ಮೇಲೆ ಬಾ ತಾಯಿ, ಬೀದಿ ಮಲಗಬೇಕು’ ಅಂದರು. ನಾನೂ ನನ್ನ ಯಜಮಾನರೂ ಹೋದೆವು. ಫ್ಯಾನ್ ಆರಿಸಿದರು, ಗೋಡೆ ಗಡಿಯಾರವನ್ನು ಇಳಿಸಿ ಒಳಗಿಟ್ಟು ಬಂದರು. ಹಳೆಯ ಮೇಣ ಕೆರೆದು, ಕಾಯಿಸಿ, ದಂಡಿಯ (ವೀಣೆಯ ಉದ್ದನೆಯ ಕೊರಳು) ಎರಡು ಅಂಚಿಗೂ ಹೊಸದಾಗಿ ಹಚ್ಚಿದರು. ಮೊದಲು ಹನ್ನೆರಡನೆಯ ಮೆಟ್ಟಿಲು, ಮೇಲಿನ ಷಡ್ಜ. ಆಮೇಲೆ ಏಳನೆಯದು, ಪಂಚಮ. ಅವೆರಡು ನಿಂತ ಮೇಲೆ ಉಳಿದವು ಒಂದೊಂದಾಗಿ. ಮೆಟ್ಟಿಲನ್ನು ಮೇಣದಲ್ಲಿ ಒತ್ತಿ, ಸಾರಣಿ ಮೀಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೆರಳಿನಿಂದ ಎಳ್ಳಿನಷ್ಟು ಸರಿಸುತ್ತಿದ್ದರು, ಮತ್ತೆ ಮೀಟುತ್ತಿದ್ದರು. ಅಂತರ ಗಾಂಧಾರ ಅನ್ನುವ ಸ್ವರವೊಂದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ನಾನು ಫೋನಿನಲ್ಲಿ ಶ್ರುತಿ ನೋಡುವ ಆಪ್ ತೆಗೆಯಲು ಹೋದಾಗ ಕೈಸನ್ನೆಯಲ್ಲೇ ಬೇಡ ಅಂದರು. ಬೆಳಗಿನ ಜಾವ ನಾಲ್ಕಕ್ಕೆ ವೀಣೆಯನ್ನು ನನ್ನ ಕೈಗೆ ಕೊಟ್ಟು ‘ನುಡ್ಸು’ ಅಂದರು. ಮೋಹನ ರಾಗದಲ್ಲಿ ನಾಲ್ಕು ಸಾಲು ನುಡಿಸಿದೆ. ಗೋಡೆಗೆ ಒರಗಿ ಕೇಳಿದರು. ಕೂಲಿ ಎಷ್ಟು ಅಂದರೆ ಮೇಣದ ದುಡ್ಡಷ್ಟೇ ತೆಗೆದುಕೊಂಡರು. ಅಯ್ಯಾ, ಅವತ್ತಿನಿಂದ ಆ ವೀಣೆಯ ಒಂದು ಮೆಟ್ಟಿಲೂ ಅಲುಗಿಲ್ಲ.

ಜೊತೆಗೆ ಓದಿದ ಹುಡುಗಿಯರು, ಎಲ್ಲರಿಗೂ 22–23 ವರ್ಷ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದರು. ತಾನಗಳ ಬಗ್ಗೆ ನಾನು ಬರೆದ ಪ್ರಬಂಧದಲ್ಲಿ ಸ್ವರಗಳ ಮೇಲಿನ, ಕೆಳಗಿನ ಚುಕ್ಕೆಗಳನ್ನು ಕೂರಿಸಿಕೊಟ್ಟವರು ಅವರೇ. ‘ಆಂಟಿ’ ಅಂತ ಶುರುಮಾಡಿ ‘ಅಕ್ಕ’ ಅನ್ನುವಲ್ಲಿಗೆ ಬಂದರು, ಅದು ನನಗೆ ದೊಡ್ಡ ಬಡ್ತಿ. ಮಗಳು ತನ್ನ ಪಿಯುಸಿ ಪರೀಕ್ಷೆಯ ವರ್ಷವೂ ಒಂದು ದಿನ ಗೊಣಗಲಿಲ್ಲ. ಇನ್ನು ನನ್ನ ಯಜಮಾನರು. ಸೇರುತ್ತೇನೆ ಅಂದಾಗ ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಶುಲ್ಕದ ಚಲನ್ ತುಂಬಿ ತಂದು ಟೇಬಲ್ಲಿನ ಮೇಲಿಟ್ಟು ಅಂಗಡಿಗೆ ಹೋದರು. ಅವರದು ಹಾಗೇ.

ಕೊನೆಯ ಪರೀಕ್ಷೆ ಒಂದು ಗಂಟೆಯ ಕಚೇರಿ. ಕಲ್ಯಾಣಿಯಲ್ಲಿ ರಾಗ, ತಾನ, ಪಲ್ಲವಿ. ಮೃದಂಗಕ್ಕೆ ಕೂತಿದ್ದ ಹುಡುಗ ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವನಿರಬಹುದು. ನಾನು ಎಲ್ಲಕ್ಕಿಂತ ತಗ್ಗಿನ ದನಿಯ ಅನುಮಂದ್ರದ ತಂತಿಗೆ ಇಳಿದಾಗಲೆಲ್ಲ ಎಡಗೈಯನ್ನು ಹೆಚ್ಚುಕಮ್ಮಿ ಎತ್ತಿಯೇ ಬಿಡುತ್ತಿದ್ದ, ಬಲಗೈಯ ಬೆರಳ ತುದಿಯಲ್ಲಷ್ಟೇ ನಡೆ ಉಳಿಸಿಕೊಳ್ಳುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಪಲ್ಲವಿಯ ನಾಲ್ಕರಷ್ಟು ವೇಗ ಮುಗಿದು ಮೊದಲ ನಡೆಗೆ ವಾಪಸು ಬಂದಾಗ ಎದುರಿನ ಸಾಲಿನಲ್ಲಿ ಒಂದು ಕೈ ಒಂಬತ್ತು ಎಣಿಸುತ್ತಿತ್ತು. ನರ್ಸಮ್ಮನವರು ರಜೆ ಹಾಕಿ ಬಂದಿದ್ದರು. ಅವರ ಪಕ್ಕ ಅತ್ತೆ, ಮಡಿಲಲ್ಲಿ ನನ್ನ ವೀಣೆಯ ಗವಸು.

ಫಲಿತಾಂಶ ಬಂದ ರಾತ್ರಿ ಊಟ ಆದ ಮೇಲೆ ನಾನೇ ರಿಮೋಟ್ ತೆಗೆದುಕೊಂಡು ಟಿವಿಯ ಸದ್ದು ಏರಿಸಿದೆ. ‘ಇನ್ಮೇಲೆ ನೀವು ಆರಾಮಾಗಿ ನೋಡಿ ಅತ್ತೆ’ ಅಂದೆ. ಐದು ನಿಮಿಷ ನೋಡಿದರು. ಆಮೇಲೆ ರಿಮೋಟ್ ಇಸಿದುಕೊಂಡು ಮತ್ತೆ ದನಿ ಇಳಿಸಿ, ನನ್ನ ಕಡೆ ತಿರುಗಿ ಕೇಳಿದರು:

‘ಯಾಕವ್ವ, ಇವತ್ತು ನುಡ್ಸಕಿಲ್ವ?’