ಒಣಗಿದ ಎಲೆಯನ್ನು ಕೀಳಬೇಡ

ಪ್ರಿಯ ಗೆಳೆಯ,

ಜರೀಗಿಡ ಸತ್ತೇ ಹೋಯಿತೇನೋ, ಚೊಕ್ಕವಾಗಲೆಂದು ಬುಡದ ಕೆಲವು ಒಣ ಎಲೆಗಳನ್ನೂ ಕಿತ್ತಿದ್ದೇನೆ ಎಂದು ಬರೆದಿದ್ದೀಯ. ನಿನ್ನ ಜರೀಗಿಡ ಸತ್ತಿಲ್ಲ. ನೀನು ಕಳಿಸಿದ ಫೋಟೊದಲ್ಲಿ ಉದ್ದನೆಯ ಹಸಿರು ಗರಿಗಳೆಲ್ಲ ಉದುರಿ, ಬುಡದಲ್ಲಿ ಕಂದು ತರಗೆಲೆಯಂಥವು ಮಾತ್ರ ಉಳಿದಿವೆ. ಮಾರ್ಚ್ ತಿಂಗಳಲ್ಲಿ ಅದು ಇರಬೇಕಾದದ್ದೇ ಹಾಗೆ. ಅನುಮಾನವಿದ್ದರೆ ಮಣ್ಣಿನ ಮೇಲೆ ತೆವಳಿರುವ, ರೋಮ ಹೊದ್ದಂಥ ದಪ್ಪ ಕಾಂಡವನ್ನು ಬೆರಳಿನಿಂದ ಒತ್ತಿ ನೋಡು. ಅದನ್ನು ಸುಲಭಕ್ಕೆ ಗಡ್ಡೆ ಅನ್ನೋಣ. ಗಟ್ಟಿಯಾಗಿದ್ದು, ಉಗುರಿನಲ್ಲಿ ಕೆರೆದರೆ ಒಳಗೆ ಬಿಳಿಯೋ ತಿಳಿಹಸಿರೋ ಕಂಡರೆ ಜೀವ ಇದೆ. ಮೆತ್ತಗಾಗಿ ಕಪ್ಪಾಗಿದ್ದರೆ ಅಷ್ಟು ಭಾಗ ಕೊಳೆತಿದೆ. ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ತೆಗೆ.

ನರ್ಸರಿಯವರು ಕೊಟ್ಟ ಚೀಟಿಯಲ್ಲಿ ಡ್ರೈನೇರಿಯ ಕ್ವೆರ್ಸಿಫೋಲಿಯ ಎಂದು ಇರುವುದು ಸರಿಯಾದ ಹೆಸರೇ. ಈಚಿನ ಕೆಲವು ಪಟ್ಟಿಗಳಲ್ಲಿ ಇದನ್ನು ಅಗ್ಲಾವೊಮಾರ್ಫ ಎಂಬ ಕುಲಕ್ಕೆ ಸೇರಿಸಿದ್ದಾರೆ, ಆದರೆ ಅಂಗಡಿಯಲ್ಲಿ ಕೇಳುವಾಗ ಹಳೆಯ ಹೆಸರೇ ಸಾಕು. ನಮ್ಮ ಕರಾವಳಿಯಲ್ಲಿ, ಘಟ್ಟದಲ್ಲಿ ತೆಂಗು, ಮಾವು, ಹಲಸಿನ ಮೈಮೇಲೆ, ಕೆಲವು ಕಡೆ ಬರಿಯ ಬಂಡೆಯ ಮೇಲೂ ಇದು ಬೆಳೆಯುತ್ತದೆ. ನೆಲದಲ್ಲಿ ಬೆಳೆಯುವ ಗಿಡವಲ್ಲ ಎಂಬುದೊಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ಇದರಲ್ಲಿ ಎಲೆ ಎರಡು ಬಗೆ. ಒಂದು, ಎರಡರಿಂದ ಮೂರು ಅಡಿ ಉದ್ದದ, ಆಳವಾಗಿ ಸೀಳಿದ ಹಸಿರು ಗರಿ. ಗಿಡಕ್ಕೆ ಆಹಾರ ತಯಾರಿಸುವುದು, ಬೀಜದ ಬದಲು ಬರುವ ಬೀಜಾಣು ಹೊರುವುದು ಅದರ ಕೆಲಸ. ಇನ್ನೊಂದು ತೊಟ್ಟಿಲ್ಲದೆ ಗಡ್ಡೆಗೆ ಅಂಟಿಕೊಂಡೇ ಹುಟ್ಟುವ, ಅಂಗೈ ಅಗಲದ ಗಿಡ್ಡ ಎಲೆ. ಇದು ಹುಟ್ಟುವಾಗ ಹಸಿರು, ಬೇಗನೆ ಒಣಗಿ ಕಾಗದದಂತೆ ಗರಿಗರಿಯಾಗುತ್ತದೆ, ಆದರೆ ಉದುರುವುದಿಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಓಕ್ ಮರದ ಎಲೆಯನ್ನು ನೆನೆದು, ಓಕ್ ಎಲೆಯದು ಎಂಬ ಅರ್ಥದ ಕ್ವೆರ್ಸಿಫೋಲಿಯ ಹೆಸರಿಟ್ಟದ್ದು ಈ ಒಣ ಎಲೆಯಿಂದಲೇ. ಇದನ್ನು ಗೂಡೆಲೆ ಎಂದು ಕರೆದರೆ ಅದರ ಕೆಲಸವೂ ಹೆಸರಿನಲ್ಲೇ ಬರುತ್ತದೆ. ಒಂದರ ಹಿಂದೆ ಒಂದು ಜೋಡಿಕೊಂಡು ಮರದ ಮೈಮೇಲೆ ಬುಟ್ಟಿಯಂತೆ ನಿಲ್ಲುತ್ತವೆ. ಮೇಲಿನಿಂದ ಬೀಳುವ ತರಗೆಲೆ, ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಅದರೊಳಗೆ ಸೇರಿ ಕೊಳೆತು ಗೊಬ್ಬರವಾಗುತ್ತವೆ, ಬೇರು ಅಲ್ಲಿಗೇ ಇಳಿಯುತ್ತದೆ. ಮಣ್ಣಿಲ್ಲದ ಕಡೆ ಗಿಡ ತನ್ನ ಮಣ್ಣನ್ನು ತಾನೇ ಮಾಡಿಕೊಳ್ಳುವುದು ಹೀಗೆ. ನೀನು ಚೊಕ್ಕ ಮಾಡಲೆಂದು ಕಿತ್ತದ್ದು ಅದರ ತಿಪ್ಪೆಗುಂಡಿಯನ್ನೇ. ಇನ್ನು ಮೇಲೆ ಒಂದನ್ನೂ ಕೀಳಬೇಡ. ಎಷ್ಟೇ ಹರಕಲಾಗಿ ಕಂಡರೂ ಇರಲಿ.

ಈಗ ಮೇ ತಿಂಗಳವರೆಗೆ ಮಾಡಬೇಕಾದದ್ದು ತೀರ ಕಡಿಮೆ. ಗರಿಯಿಲ್ಲದ ಗಿಡ ನೀರು ಕುಡಿಯುವುದು ಅಲ್ಪ. ಹತ್ತು ದಿನಕ್ಕೊಮ್ಮೆ ಬೆಳಿಗ್ಗೆ ಗಡ್ಡೆಯ ಮೇಲೆ ಲಘುವಾಗಿ ಚಿಮುಕಿಸಿದರೆ ಸಾಕು. ಒಣಗಿತಲ್ಲಾ ಎಂದು ದಿನಾ ನೀರು ಹೊಯ್ದು ಬೇಸಿಗೆಯಲ್ಲಿ ಕೊಳೆಸುವುದೇ ಈ ಗಿಡಕ್ಕೆ ಆಗುವ ಮೊದಲ ಅನ್ಯಾಯ. ಎರಡನೆಯದು ಕುಂಡದ ಕೆಂಪುಮಣ್ಣು. ಮಳೆ ನಿಂತ ಅರ್ಧ ಗಂಟೆಯಲ್ಲಿ ಗಾಳಿಯಾಡುವ ತೊಗಟೆಯ ಮೇಲೆ ಇರಬೇಕಾದ ಬೇರು ಆ ಮಣ್ಣಿನಲ್ಲಿ ಉಸಿರುಗಟ್ಟುತ್ತದೆ. ಗಡ್ಡೆಯನ್ನು ಹೂತಿದ್ದರೆ ಇಂದೇ ಸುತ್ತಲಿನ ಮಣ್ಣು ಸರಿಸಿ ಮೇಲ್ಭಾಗ ಕಾಣುವಂತೆ ಮಾಡು.

ನಿನ್ನ ಹಿತ್ತಲಿನ ಮಾವಿನ ಮರಕ್ಕೆ ಏರಿಸಲು ಸರಿಯಾದ ಸಮಯ ಮೇ ಕೊನೆಯಿಂದ ಜೂನ್ ನಡುವಿನವರೆಗೆ. ನಾಲ್ಕಾರು ಮಳೆ ಬಿದ್ದು, ಗಡ್ಡೆಯ ತುದಿಯಲ್ಲಿ ಚಿಗುರು ಉಬ್ಬುವ ಹೊತ್ತು ಅದು. ಮಾವಿನ ಒರಟು ತೊಗಟೆ ಬೇರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಪಕ್ಕದ ಸೀಬೆಗೆ ಕಟ್ಟಬೇಡ. ಅದು ತೊಗಟೆ ಸುಲಿದುಕೊಳ್ಳುವ ಮರ, ಬೇರೂ ಸಿಪ್ಪೆಯ ಜೊತೆ ಕಳಚಿ ಬೀಳುತ್ತದೆ. ನೀಲಗಿರಿಯೂ ಹಾಗೆಯೇ. ಕೊಂಬೆ ಕವಲೊಡೆಯುವ ಜಾಗ, ಇಲ್ಲವೇ ಸ್ವಲ್ಪ ವಾಲಿದ ಕಾಂಡದ ಮೇಲ್ಮೈ ಆರಿಸು. ಪೂರ್ವದ ಎಳೆಬಿಸಿಲು ಬಿದ್ದು ಮಧ್ಯಾಹ್ನ ಸೋಸಿದ ನೆರಳಿದ್ದರೆ ಚೆಂದ. ಕಗ್ಗತ್ತಲೆಯ ನೆರಳು ಬೇಡ. ಅಲ್ಲಿ ಗರಿಗಳು ತೆಳ್ಳಗೆ ಉದ್ದವಾಗಿ ಜೋತುಬೀಳುತ್ತವೆ.

ಗಡ್ಡೆಯನ್ನು 12ರಿಂದ 15 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸು. ಪ್ರತಿ ತುಂಡಿಗೂ ಒಂದು ಜೀವಂತ ತುದಿ, ಸಾಧ್ಯವಾದರೆ ಎರಡು ಗೂಡೆಲೆ, ಸ್ವಲ್ಪ ಬೇರಿನ ಹೆಣಿಗೆ ಇರಲಿ. ತುದಿಯಿಲ್ಲದ ನಡು ತುಂಡು ಚಿಗುರಲು ತಿಂಗಳುಗಟ್ಟಲೆ ಕಾಯಿಸುತ್ತದೆ, ಎಷ್ಟೋ ಸಲ ಅಷ್ಟರಲ್ಲೇ ಒಣಗುತ್ತದೆ. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ ಕೊಯ್ದು, ಕೊಯ್ದ ಮುಖಕ್ಕೆ ಇದ್ದಿಲಪುಡಿ ಹಚ್ಚಿ, ಒಂದು ದಿನ ನೆರಳಿನಲ್ಲಿ ಆರಲು ಬಿಡು. ತೆಂಗಿನಕಾಯಿ ಸಿಪ್ಪೆಯನ್ನು ಮೂರು ದಿನ ನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸು. ಅದರ ಉಪ್ಪು, ಒಗರು ಇಳಿಯಬೇಕು. ಆ ಸಿಪ್ಪೆಯನ್ನು ಬಿಡಿಸಿ ಒಂದು ಇಂಚು ದಪ್ಪದ ಮೆತ್ತೆ ಮಾಡಿ ತೊಗಟೆಗೆ ಒತ್ತಿ, ಅದರ ಮೇಲೆ ಗಡ್ಡೆ ಇಟ್ಟು ಕಟ್ಟು. ಮೆತ್ತೆ ಗಡ್ಡೆಯ ಕೆಳಗೆ ಮಾತ್ರ, ಮೇಲೆ ಮುಚ್ಚಬಾರದು. ಗೂಡೆಲೆಗಳ ಬಾಯಿ ಮೇಲಕ್ಕೆ ತೆರೆದಿರಲಿ. ತಲೆಕೆಳಗಾದ ಬುಟ್ಟಿಯಲ್ಲಿ ತರಗೆಲೆ ನಿಲ್ಲುವುದಿಲ್ಲವಲ್ಲ.

ಕಟ್ಟಲು ಹಳೆಯ ಹತ್ತಿ ಪಂಚೆಯ ಎರಡು ಬೆರಳಗಲದ ಪಟ್ಟಿಗಿಂತ ಒಳ್ಳೆಯದಿಲ್ಲ. ಬೇರು ಹಿಡಿಯುವವರೆಗೆ ತಡೆದು ಆಮೇಲೆ ತಾನಾಗಿ ಕೊಳೆತು ಹೋಗುತ್ತದೆ. ತಂತಿ, ಪ್ಲಾಸ್ಟಿಕ್ ಹಗ್ಗ ಬೇಡ. ಮರ ದಪ್ಪವಾದಂತೆ ಅವು ತೊಗಟೆಯೊಳಗೆ ಕೊರೆದುಕೊಂಡು ಹೋಗುತ್ತವೆ. ಕಟ್ಟಿದ ಗಡ್ಡೆ ಅಲ್ಲಾಡಿದರೆ ಎಳೆಬೇರಿನ ತುದಿ ಸವೆದು ಹಿಡಿತವೇ ಆಗುವುದಿಲ್ಲ, ಆದ್ದರಿಂದ ಬಿಗಿಯಾಗಿರಲಿ. ಕೊನೆಗೆ ಒಂದು ಹಿಡಿ ಒಣ ಮಾವಿನೆಲೆಯನ್ನು ಮುರಿದು ಗೂಡಿಗೆ ಹಾಕು. ನೀನು ಕಿತ್ತ ಗೂಡೆಲೆಗಳ ನಷ್ಟಕ್ಕೆ ಈ ವರ್ಷ ಅಷ್ಟು ಪರಿಹಾರ ಕೊಡಲೇಬೇಕು.

ಮಳೆಯಿಲ್ಲದ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ ಮೆತ್ತೆ ನೆನೆಯುವಷ್ಟು ನೀರು ಚಿಮುಕಿಸು. ಬೆಂಗಳೂರಿನ ಬೋರ್‌ವೆಲ್ ನೀರು ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಸುಣ್ಣದ ಅಂಶ ಗಡ್ಡೆಯ ಮೇಲೆ ಬಿಳಿಪೊರೆ ಕಟ್ಟುತ್ತದೆ, ಗರಿಯ ಅಂಚು ಸುಡುತ್ತದೆ. ತಾರಸಿಯ ಮಳೆನೀರನ್ನು ಎರಡು ಡ್ರಮ್ ಹಿಡಿದಿಟ್ಟುಕೊ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ, ಒಂದು ಹಿಡಿ ಹಳೆಯ ಸಗಣಿಗೊಬ್ಬರವನ್ನು ಐದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿದ ತಿಳಿಯನ್ನು ಗೂಡಿಗೆ ಹೊಯ್ಯಿ. ಅದಕ್ಕಿಂತ ಹೆಚ್ಚು ಬೇಡ.

ಅಕ್ಕಪಕ್ಕದವರು ಬಂದು ಇದು ಬಂದಣಿಕೆ, ಮರವನ್ನು ಹೀರುತ್ತದೆ ಎಂದು ಹೇಳಿಯೇ ಹೇಳುತ್ತಾರೆ. ಅಲ್ಲ. ಬಂದಣಿಕೆ ಕೊಂಬೆಯೊಳಗೆ ಬೇರು ನುಗ್ಗಿಸಿ ರಸ ಕದಿಯುತ್ತದೆ. ಇದು ತೊಗಟೆಯನ್ನು ಹಿಡಿದುಕೊಂಡು ಕೂರುತ್ತದೆ, ಅಷ್ಟೇ. ಒಣಕಲು ಕೊಂಬೆಗೆ ಮಾತ್ರ ಕಟ್ಟಬೇಡ. ಮಳೆಯಲ್ಲಿ ನೆನೆದ ಗೂಡಿನ ಭಾರಕ್ಕೆ ಅದು ಮುರಿದೀತು.

ಮಳೆಗಾಲದ ಕೊನೆಗೆ ಗರಿಯ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಕಂಡಾಗ ಔಷಧಿ ಹೊಡೆಯಲು ಓಡಬೇಡ. ಸಿರೆಗಳ ನಡುವೆ ಸಾಲಾಗಿ, ಒಂದೇ ಅಳತೆಯಲ್ಲಿದ್ದರೆ ಅವು ಬೀಜಾಣುಗಳ ಗುಂಪು. ದಿಂಡಿನ ಉದ್ದಕ್ಕೂ ಅಡ್ಡಾದಿಡ್ಡಿಯಾಗಿ ಕೂತು, ಉಗುರಿಗೆ ಚಿಪ್ಪಿನಂತೆ ಕಳಚಿ ಬರುವವು ಶಲ್ಕ ಕೀಟ. ಅವನ್ನು ಸಾಬೂನು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಬೇವಿನೆಣ್ಣೆ ಹಾಕಲೇಬೇಕೆಂದರೆ ಲೀಟರಿಗೆ ಎರಡು ಮಿಲಿಲೀಟರ್ ಮೀರದೆ, ಸಂಜೆ, ಮೊದಲು ಒಂದೇ ಗರಿಗೆ. ಹಸಿರು ಗರಿಯ ಮೇಲೆ ಇರುವೆ ಓಡಾಡಿದರೆ ಗಾಬರಿ ಬೇಡ. ಗರಿಯೇ ಒಸರುವ ಸಿಹಿರಸಕ್ಕೆ ಅವು ಬರುತ್ತವೆ. ನಿಜವಾದ ಶತ್ರು ಆಫ್ರಿಕನ್ ಬಸವನಹುಳು. ಒಂದೇ ರಾತ್ರಿಯಲ್ಲಿ ಎಳೆಚಿಗುರನ್ನು ಬುಡಸಮೇತ ಮುಗಿಸುತ್ತದೆ. ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ದಾರಿ.

ಇನ್ನೂ ಗಿಡ ಬೇಕಾದರೆ ಕಾಡಿನಿಂದ ಕೀಳಿಸಬೇಡ. ಊರಲ್ಲಿ ತೆಂಗಿನ ಮರ ಹತ್ತಿ ಚೊಕ್ಕ ಮಾಡುವವರು ಕಿತ್ತು ಕೆಳಗೆ ಎಸೆಯುವ ಗಡ್ಡೆಗಳೇ ಬೇಕಾದಷ್ಟಿವೆ. ಮೇ ತಿಂಗಳಲ್ಲಿ ಒಂದು ಗೋಣಿಚೀಲದಲ್ಲಿ ಕಳಿಸಿಕೊಡುತ್ತೇನೆ. ಅಷ್ಟರೊಳಗೆ ಮರದಲ್ಲಿ ಜಾಗ ಗುರುತಿಸಿ ಎರಡು ಫೋಟೊ ಕಳಿಸು, ಬೆಳಿಗ್ಗೆ ಒಂಬತ್ತಕ್ಕೊಂದು, ಮಧ್ಯಾಹ್ನ ಎರಡಕ್ಕೊಂದು. ಬಿಸಿಲು ಎಲ್ಲಿ ಬೀಳುತ್ತದೆ ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ಗೆಳೆಯ