ಮುಳ್ಳು ತಿರುಗಿಸಿದ್ದೇ ಇಷ್ಟು, ಸ್ಟೇಷನ್ ಇಲ್ಲ ಅನ್ನುವುದೇ?

ಮಾನ್ಯರೇ,

ಅನ್ಯಗ್ರಹದವರ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ವಿಜ್ಞಾನಿಗಳು ರೇಡಿಯೊ ಟೆಲಿಸ್ಕೋಪ್ ಹಿಡಿದು ಆಕಾಶಕ್ಕೆ ಅರವತ್ತು ವರ್ಷ ಕಿವಿಗೊಟ್ಟರೂ ಒಂದು ಸದ್ದಿಲ್ಲ, ಹಾಗಾಗಿ ಅಲ್ಲಿ ಯಾರೂ ಇಲ್ಲ ಎಂಬುದು ಅವರ ವಾದ. ನಾನು ಅರಸೀಕೆರೆಯಲ್ಲಿ ನಲವತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವನು. ವಿಜ್ಞಾನಿ ಅಲ್ಲ. ಆದರೆ ‘ಸ್ಟೇಷನ್ ಬರ್ತಿಲ್ಲ’ ಎಂಬ ದೂರನ್ನು ನನ್ನಷ್ಟು ಕೇಳಿದವರು ಕಡಿಮೆ.

ಒಮ್ಮೆ ಹಳ್ಳಿಯಿಂದ ಯಜಮಾನರೊಬ್ಬರು ರೇಡಿಯೊವನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದರು. ತಮಿಳು ಹಾಡಿನ ಹುಚ್ಚು ಅವರಿಗೆ. ಬೀಗರ ಮನೆಯಲ್ಲಿ ರಾತ್ರಿ ಮದ್ರಾಸ್ ಸ್ಟೇಷನ್ ಕೇಳಿದ್ದರಂತೆ. ‘ಮುಚ್ಬಿಟ್ರೇನಪ್ಪಾ ಅದನ್ನ?’ ಎಂದರು. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಮೀಡಿಯಂ ವೇವ್‌ನಲ್ಲಿ ಅಷ್ಟು ದೂರದ್ದು ಹಗಲು ಹೊತ್ತು ಸಿಗುವುದಿಲ್ಲ, ಕತ್ತಲಾದ ಮೇಲೆ ಸಿಗುತ್ತದೆ. ಸೆಟ್ ಸರಿಯಾಗೇ ಇತ್ತು. ದುಡ್ಡು ಬೇಡ, ಊಟ ಆದ ಮೇಲೆ ಹಚ್ಚಿ ನೋಡಿ ಎಂದು ಕಳಿಸಿದೆ.

1960ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಈ ಹುಡುಕಾಟ ಶುರು ಮಾಡಿದಾಗ ಕಿವಿಗೊಟ್ಟಿದ್ದು ಎರಡೇ ನಕ್ಷತ್ರಕ್ಕೆ, ಅದೂ 1420 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ನಮ್ಮ ಗ್ಯಾಲಕ್ಸಿಯಲ್ಲಿ ಕಡಿಮೆ ಎಂದರೂ 10,000 ಕೋಟಿ ನಕ್ಷತ್ರಗಳಿವೆ. ಆಮೇಲೆ ಯಂತ್ರಗಳು ಎಷ್ಟೋ ಸುಧಾರಿಸಿದವು, ನಿಜ. ಆದರೂ ದಿಕ್ಕು, ಫ್ರೀಕ್ವೆನ್ಸಿ, ಹೊತ್ತು, ಸಿಗ್ನಲ್ ಜೋರು ಎಲ್ಲಾ ಒಟ್ಟಿಗೆ ಕೂಡಿ ಬರಬೇಕಲ್ವಾ? ಇದುವರೆಗೆ ಹುಡುಕಿದ್ದು ಸಮುದ್ರದಿಂದ ಮೊಗೆದ ಒಂದು ಲೋಟ ನೀರು ಎಂದು ಇದೇ ಹುಡುಕಾಟದಲ್ಲಿದ್ದ ವಿಜ್ಞಾನಿ ಜಿಲ್ ಟಾರ್ಟರ್ ಹೇಳಿದ್ದರು. 2018ರಲ್ಲಿ ಖಗೋಳ ವಿಜ್ಞಾನಿ ಜೇಸನ್ ರೈಟ್ ಮತ್ತು ಸಂಗಡಿಗರು ಲೆಕ್ಕ ಹಾಕಿ, ಈಗ ಅದು ದೊಡ್ಡ ಸ್ನಾನದ ತೊಟ್ಟಿಯಷ್ಟಾಗಿದೆ ಎಂದರು. ಸಮುದ್ರ ಅಷ್ಟೇ ಇದೆ.

ಇನ್ನು ಗೊರಗೊರ. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೆ ನನ್ನ ಮೇಜಿನ ಮೇಲಿನ ರೇಡಿಯೊ ಅರಚುತ್ತಿತ್ತು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ಟೆಲಿಸ್ಕೋಪ್‌ನಲ್ಲೂ 1998ರಿಂದ ಆಗಾಗ ಒಂದು ವಿಚಿತ್ರ ಸಿಗ್ನಲ್ ಕಾಣಿಸುತ್ತಿತ್ತು. 2015ರಲ್ಲಿ ಕಳ್ಳ ಸಿಕ್ಕ: ಅಲ್ಲಿನದೇ ಮೈಕ್ರೋವೇವ್ ಓವನ್. ಯಾರೋ ಹಸಿದವರು ಟೈಮ್ ಮುಗಿಯುವ ಮೊದಲೇ ಅದರ ಬಾಗಿಲು ತೆಗೆಯುತ್ತಿದ್ದರು. ಇದನ್ನು ಓದಿ ಅವತ್ತೆಲ್ಲಾ ನಕ್ಕಿದ್ದೇನೆ.

ಒಂದು ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. 1950ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಊಟಕ್ಕೆ ಕೂತಾಗ ಭೌತವಿಜ್ಞಾನಿ ಎನ್ರಿಕೊ ಫರ್ಮಿ ‘ಮತ್ತೆ ಎಲ್ಲರೂ ಎಲ್ಲಿ?’ ಎಂದು ಕೇಳಿದರಂತೆ. ವಾಯೇಜರ್ 1 ಗಗನನೌಕೆಯ ವೇಗದಲ್ಲಿ ಹೋದರೆ ಹತ್ತಿರದ ನಕ್ಷತ್ರದಷ್ಟು ದೂರಕ್ಕೆ 70,000 ವರ್ಷಕ್ಕೂ ಹೆಚ್ಚು ಬೇಕು. ನಮಗದು ಜಾಸ್ತಿ. ಸಾವಿರ ಕೋಟಿ ವರ್ಷ ದಾಟಿದ ಗ್ಯಾಲಕ್ಸಿಗೆ ಅದು ಯಾವ ಲೆಕ್ಕ? ಇಷ್ಟರಲ್ಲಿ ಯಾರಾದರೂ ಬಂದಿರಬೇಕಿತ್ತು. ಹೊರಡುವ ಮನಸ್ಸಿಲ್ಲವೋ, ಅಷ್ಟು ಕಾಲ ಬಾಳಲಿಲ್ಲವೋ.

ಅಥವಾ ಬಾಳಿದರೂ ಸದ್ದು ಮಾಡುತ್ತಿಲ್ಲವೋ. ಎಂಬತ್ತರ ದಶಕದಲ್ಲಿ ಹೆಂಚಿನ ಮೇಲೆ ಹತ್ತಿ, ‘ಈಗ ಬಂತಾ? ಈಗ?’ ಎಂದು ಕೂಗುತ್ತಾ ಆಂಟೆನಾ ತಿರುಗಿಸಿದವನು ನಾನು. ದೂರದರ್ಶನದ ಆ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಈಗ ಬಹುತೇಕ ನಿಲ್ಲಿಸಿಬಿಟ್ಟಿದ್ದಾರೆ. ಕೇಬಲ್, ಫೈಬರ್ ಬಂತು. ಮನೆಯೊಳಗೆ ಟಿವಿ ಗಲಾಟೆ ಹೆಚ್ಚಿತು, ಆಕಾಶಕ್ಕೆ ಸೋರುವುದು ಕಡಿಮೆ ಆಯಿತು. ರೇಡಾರ್ ಮಾತು ಬೇರೆ ಬಿಡಿ. ದೂರದಲ್ಲಿ ಯಾರಾದರೂ ನಮ್ಮ ಟಿವಿಗೆ ಕಿವಿಗೊಟ್ಟು ಕೂತಿದ್ದರೆ, ಈ ಇಂಡಿಯಾದವರ ಕಥೆ ಮುಗಿಯಿತು ಅಂದುಕೊಂಡಾರು!

ಆ ಯಜಮಾನರು ವಾರ ಬಿಟ್ಟು ಮತ್ತೆ ಬಂದರು, ರೇಡಿಯೊ ಅದೇ ಟವೆಲ್‌ನಲ್ಲಿ. ಮದ್ರಾಸ್ ಬಂತಂತೆ. ‘ಹಾಡಿಗಿಂತ ಗೊರಗೊರ ಜಾಸ್ತಿ, ಅದನ್ನೊಂದು ತೆಗೆದುಕೊಡು’ ಎಂದರು.

ಒಬ್ಬ ರೇಡಿಯೊ ರಿಪೇರಿಯವ, ಅರಸೀಕೆರೆ